ಒರಳಲ್ಲಿ ಕುಟ್ಟಿದ ಎಲೆ

ಹಾವಿನ ದ್ವೇಷ ಹನ್ನೆರಡು ವರುಷ ಅಂತಾರೆ. ನನಗೆ ಅಷ್ಟು ಕಾಯಬೇಕಾಗಲಿಲ್ಲ. ಕಾಯಬೇಕಾಗಿದ್ದರೂ ಕಾಯುತ್ತಿದ್ದೆ, ನಾನು ಅಂಥವಳೇ.

ಉರಿಗಾಂನ ಕೂಲಿ ಲೈನಿನಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಗಂಡ ಚಿನ್ನದ ಗಣಿಗೆ ಇಳಿಯುತ್ತಿದ್ದರು. ನನ್ನ ಒಬ್ಬನೇ ತಮ್ಮ ಇಲ್ಲಿ ಕೆಲಸ ಸಿಗದೆ ತೆಲುಗು ಸೀಮೆಯ ಕಲ್ಲಿದ್ದಲ ಗಣಿ ಸೇರಿದ. ಒಂದು ಸಲ ರಜೆಗೆ ಬಂದವನು ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಚಪ್ಪಟೆ ಕಲ್ಲೊಂದನ್ನು ಟವಲಿನಲ್ಲಿ ಸುತ್ತಿ ತಂದ. ಅದರ ಮೇಲೆ ಒಂದು ಎಲೆ. ಯಾರೋ ಬಿಡಿಸಿದ್ದಲ್ಲ, ನಿಜವಾದ ಎಲೆಯೇ ಕಲ್ಲಿನಲ್ಲಿ ಅಚ್ಚೊತ್ತಿತ್ತು. ನಾಲಿಗೆಯ ಹಾಗೆ ಅಗಲವಾಗಿ ಚಾಚಿಕೊಂಡಿತ್ತು. ನಡುವೆ ದಪ್ಪ ನರ, ಎರಡೂ ಕಡೆ ಬಲೆ ಹೆಣೆದಂತೆ ಸಣ್ಣ ನರಗಳು.

"ಈ ಜಾತಿ ಮರ ಈಗ ಭೂಮಿ ಮ್ಯಾಲೆ ಎಲ್ಲೂ ಇಲ್ವಂತೆ ಕಣಕ್ಕ. ಮನುಷ್ರು ಉಟ್ಟಕ್ಕೆ ಮುಂಚೇನೇ ಓಗ್ಬುಡ್ತಂತೆ," ಅಂದ.

"ಮರ ಓದ್ರೂ ಎಲೆ ಉಳ್ಕೊಂಡೈತಲ್ಲ, ಎಂಥಾ ಮೊಂಡು," ಅಂತ ನಾನು ನಕ್ಕೆ.

ಮುಂದಿನ ವರ್ಷ ಇದ್ದಲ ಗಣಿಯ ಚಾವಣಿ ಕುಸಿದು ಅವನು ಸತ್ತ. ನಾವು ಹೋಗುವಷ್ಟರಲ್ಲಿ ಅಲ್ಲೇ ಮಣ್ಣು ಮಾಡಿ ಮುಗಿಸಿದ್ದರು. ಅವನದೊಂದು ಫೋಟೊ ಕೂಡ ಇರಲಿಲ್ಲ. ಪಿತೃಪಕ್ಷದ ಅಮಾವಾಸ್ಯೆಗೆ ನಾನು ಆ ಕಲ್ಲನ್ನೇ ಹಿತ್ತಲಲ್ಲಿ ತೊಳೆದು, ಕುಂಕುಮ ಇಟ್ಟು, ಅದರ ಮುಂದೆ ಅವನಿಗಿಷ್ಟವಾದ ಮುದ್ದೆ, ಅವರೆಕಾಳು ಸಾರು ಬಡಿಸುತ್ತಿದ್ದೆ.

ಕಲ್ಲಿನ ಅಂಚಿನಲ್ಲಿ ಹಳದಿ ಮಿಂಚಿತ್ತು. ಇದ್ದಲ ಗಣಿಯಲ್ಲಿ ಅಂಥದ್ದು ಬೇಕಾದಷ್ಟು, ಕಾಸಿಗೂ ಬೆಲೆಯಿಲ್ಲ ಅಂತ ತಮ್ಮನೇ ಹೇಳಿದ್ದ. ಆದರೆ ನಮ್ಮ ಲೈನಿನಲ್ಲಿ ಹಳದಿ ಮಿಂಚಿದ್ದೆಲ್ಲ ಚಿನ್ನ, ಕಲ್ಲು ತೊಳೆಯುವವರೆಲ್ಲ ಗಣಿಯ ಚಿನ್ನ ಕದ್ದ ಕಳ್ಳರು. ಪಕ್ಕದ ಮನೆಯವಳು ತಟ್ಟಿ ಗೋಡೆಯ ಸಂದಿಯಿಂದ ನೋಡಿದಳು. ನೋಡಿದವಳು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ? ಕಳ್ಳರನ್ನು ಹಿಡಿದುಕೊಟ್ಟರೆ ಸಿಗುವ ಇನಾಮಿನ ಆಸೆಗೆ ನೇರ ಗಣಿ ಕಾವಲಿನವರ ಹತ್ತಿರ ಹೋದಳು.

ಅವರು ಬಂದು ನನ್ನ ಒರಳಲ್ಲೇ, ನನ್ನ ಕಣ್ಣೆದುರೇ ಕಲ್ಲನ್ನು ಕುಟ್ಟಿದರು. ಕಾಲಿಗೆ ಬಿದ್ದೆ, ಕೇಳಲಿಲ್ಲ. ಮೊದಲ ಏಟಿಗೇ ಎಲೆ ಎರಡಾಯಿತು. ಪುಡಿಯನ್ನು ತಟ್ಟೆಯಲ್ಲಿ ನೀರು ಹಾಕಿ ಜಾಲಿಸಿದರು. ಏನೂ ಸಿಗಲಿಲ್ಲ. ಚರಂಡಿಗೆ ಚೆಲ್ಲಿ, "ಪಕ್ಕದ ಮನೆಯಮ್ಮನ ಮಾತು ಕೇಳಿ ಬಂದ್ವಲ್ಲ," ಅಂತ ಗೊಣಗುತ್ತಾ ಹೋದರು.

ಮಾರನೆಯ ದಿನ ನಲ್ಲಿಯ ಹತ್ತಿರ ಅವಳು ಏನೂ ಅರಿಯದವಳ ಹಾಗೆ ಮಾತಾಡಿಸಿದಳು. ನಾನೂ ಮಾತಾಡಿದೆ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಅವಳ ಮಗಳಿಗೆ ಜಡೆ ಹಾಕಿದೆ, ಹೂ ಮುಡಿಸಿದೆ. ಆ ಹುಡುಗಿ ಬೆಳೆಯಲಿ ಅಂತ ಕಾದೆ.

ಬೆಳೆದಳು. ಬಂಗಾರಪೇಟೆಯಿಂದ ಗಂಡಿನ ಕಡೆಯವರು ಬಂದು ಹೆಣ್ಣು ಒಪ್ಪಿದರು. ನಮ್ಮಲ್ಲಿ ತಾಂಬೂಲ ಬದಲಾಯಿಸುವ ಮುಂಚೆ ಅಕ್ಕಪಕ್ಕದವರನ್ನು ವಿಚಾರಿಸುವುದು ರೂಢಿ. ಗಂಡಿನ ತಾಯಿ ನನ್ನ ಬಾಗಿಲಿಗೇ ಬಂದಳು. ಅವಳ ದೊಡ್ಡ ಮಗನೂ ಚಿನ್ನದ ಗಣಿಯ ಕೆಲಸದವನೇ.

"ಉಡುಗಿ ಅಪರಂಜಿ ಕಣಮ್ಮ," ಅಂದೆ. "ತಾಯಿ ಮಾತ್ರ ಪಕ್ಕದ ಮನೆಗೆ ಕಾವಲಿನೋರ್ನ ಕಳಿಸ್ತಾಳೆ. ನಿಮ್ಮ ದೊಡ್ಡ ಮಗನ್ನ ಉಷಾರಾಗಿ ನೋಡ್ಕಳಿ."

ಒಂದಕ್ಷರ ಸುಳ್ಳಿಲ್ಲ. ಅವರು ಕಾಫಿಯನ್ನೂ ಕುಡಿಯದೆ ರೈಲು ಹತ್ತಿದರು. ಮಾತು ಲೈನೆಲ್ಲ ಹಬ್ಬಿತು, ಆಮೇಲೆ ಬೇರೆ ಗಂಡೂ ಬರಲಿಲ್ಲ. ನನಗೆ ಅವತ್ತು ಉಂಡ ಊಟ ಮೈಗೆ ಹತ್ತಿತು.

ಒಂದು ಸಂಜೆ ಪಕ್ಕದ ಮನೆಯವಳೇ ಬಂದು ಹೊಸಿಲಾಚೆ ನಿಂತಳು. "ನನ್ ಮಗ್ಳು ನಿನಗೇನು ಮಾಡಿದ್ಲಮ್ಮ?"

"ನನ್ ತಮ್ಮ ನಿನಗೇನು ಮಾಡಿದ್ದ?"

"ಅದು ಕಲ್ಲು ಕಣಮ್ಮ. ಇವಳು ಜೀವ ಇರೋ ಮಗು. ಅನ್ನ ಬಿಟ್ಟು ಮಲಗವಳೆ."

"ಸರಿ. ಆ ಎಲೆ ತಂದ್ಕೊಡು. ನಾಳೇನೇ ಬಂಗಾರಪೇಟೆಗೆ ಓಗಿ ನಿನ್ ಮಗ್ಳ ಮದುವೆ ನಾನೇ ಮಾತಾಡ್ತೀನಿ."

ನಾನು ಬಾಗಿಲು ಹಾಕಿಕೊಂಡೆ.