ಎಡಗೈಯ ತೂಕ

2024ರ ಮೇ 14, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೇಳು ನಿಮಿಷ. ಬಸಲಿಂಗಪ್ಪನವರು ಬಾಲಿಯ ವಿಮಾನ ನಿಲ್ದಾಣದಲ್ಲಿ, ಸಾಮಾನು ತಿರುಗಿ ಬರುವ ಬೆಲ್ಟಿನ ಪಕ್ಕ ನಿಂತು, ಯಾರದೋ ಕೆಂಪು ಬ್ಯಾಗನ್ನು ಎಡಗೈಯಿಂದ ಎತ್ತಿ ತೂಗುತ್ತಿದ್ದರು.

“ಇದು ನಮ್ದಲ್ಲ,” ಎಂದರು ಮಗಳಾದ ಮೀನಾಳಿಗೆ. “ಹದಿನಾರು ಕಿಲೋ ನಾನೂರು ಐತಿ. ನಮ್ದು ಹದಿನೇಳು ಎರಡನೂರು.”

ಬ್ಯಾಗಿನ ಬಣ್ಣ, ಅಳತೆ, ಗಾಲಿ ಎಲ್ಲ ಅವರದರಂತೆಯೇ ಇದ್ದವು. ಮೀನಾ ಚೀಟಿ ನೋಡಿದಳು. ಹೆಸರು ಬೇರೆ ಇತ್ತು. ಬಸಲಿಂಗಪ್ಪನವರು ಅದನ್ನು ಮತ್ತೆ ಬೆಲ್ಟಿನ ಮೇಲಿಟ್ಟರು. ಅದು ಹನ್ನೊಂದು ಸಲ ಸುತ್ತಿ ಬಂತು. ಆಮೇಲೆ ಬೆಲ್ಟು ನಿಂತಿತು. ಅವರ ಬ್ಯಾಗು ಬರಲಿಲ್ಲ.

ಬಸಲಿಂಗಪ್ಪನವರಿಗೆ ಆಗ ಅರವತ್ತನಾಲ್ಕು ವರ್ಷ. ಹುಟ್ಟಿದ್ದು ದೊಡವಾಡದಲ್ಲಿ. ಬೈಲಹೊಂಗಲದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂವತ್ತಾರು ವರ್ಷ ತೂಕದ ಕೆಲಸ ಮಾಡಿದವರು. ಕಡಲೆ, ಜೋಳ, ಹೆಸರು, ಯಾವ ಚೀಲವೇ ಇರಲಿ, ಕಾಟಾದ ಮೇಲೆ ಇಡುವ ಮೊದಲು ಅದರ ಕಿವಿ ಹಿಡಿದು ಎಡಗೈಯಿಂದ ಒಮ್ಮೆ ಅಲುಗಿಸಿ ತೂಕ ಕೂಗುತ್ತಿದ್ದರು. ಬಲಗೈಯಲ್ಲಿ ಪೆನ್ಸಿಲ್ಲು ಇರುತ್ತಿತ್ತು. ಅವರ ಕೂಗಿಗೂ ಕಾಟಾಕ್ಕೂ ವ್ಯತ್ಯಾಸ ಬಂದರೆ ವ್ಯಾಪಾರಿಗಳು ಕಾಟಾ ರಿಪೇರಿಯವನಿಗೆ ಹೇಳಿ ಕಳಿಸುತ್ತಿದ್ದರು. ಬೆಂಗಳೂರಿನ ಕೌಂಟರಿನಲ್ಲೂ ಅವರು ಬ್ಯಾಗನ್ನು ಎತ್ತಿಡುವಾಗ ಹದಿನೇಳು ಎರಡನೂರು ಎಂದಿದ್ದರು. ಯಂತ್ರ 17.2 ತೋರಿಸಿತ್ತು. ಕೌಂಟರಿನ ಹುಡುಗಿ ಒಮ್ಮೆ ತಲೆಯೆತ್ತಿ ಅವರನ್ನು ನೋಡಿದ್ದಳು.

ಪ್ರವಾಸ ಮೀನಾಳ ಆಸೆ. ಅವಳು ಬೈಲಹೊಂಗಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಬೇಸಿಗೆ ರಜೆಯಲ್ಲಿ ಅಪ್ಪ ಅವ್ವನಿಗೆ ಒಮ್ಮೆ ಸಮುದ್ರದಾಚೆಯ ದೇಶ ತೋರಿಸಬೇಕೆಂದು ಐದು ದಿನಗಳ ಟಿಕೆಟ್ ಮಾಡಿಸಿದ್ದಳು. ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು.

“ಹೋಗ್ಲಿ ಬಿಡ್ರಿ,” ಎಂದಳು ಹೆಂಡತಿ ಗುರುಬಸವ್ವ. “ನಾಕು ಅರಿಬಿ, ಒಂದು ಡಬ್ಬಿ ಶೇಂಗಾ ಹೋಳಿಗಿ. ಅದಕ್ಯಾಕ ಹಿಂಗ ನಿಂತೀರಿ?”

ಬಸಲಿಂಗಪ್ಪನವರು ಕೈಯನ್ನು ಎದೆಯ ಮೇಲಿಟ್ಟುಕೊಂಡರು. ಗುರುಬಸವ್ವ ಅವರ ಎದೆಯ ಕಡೆ ನೋಡಿದಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಕೊರಳಲ್ಲಿ ಲಿಂಗ ಕಟ್ಟುವ ಶಿವದಾರ ಇರಲಿಲ್ಲ.

“ಲಿಂಗಾ ಎಲ್ಲೈತ್ರಿ?”

“ಬ್ಯಾಗಿನ್ಯಾಗ.”

ಆದದ್ದು ಇಷ್ಟು. ಹೊರಡುವ ವಾರ ಪಕ್ಕದ ಮನೆಯ ಶಟ್ಟೆಪ್ಪ ಬಂದು ಕೂತು ಉಪದೇಶ ಮಾಡಿದ್ದ. ಅವನು ಒಮ್ಮೆ ದುಬೈಗೆ ಹೋಗಿ ಬಂದವನು. “ಕಾಕಾ, ತಪಾಸಣಿಯೊಳಗ ಎಲ್ಲಾ ತಗಸ್ತಾರ್ರಿ. ಬೆಲ್ಟು, ಚಪ್ಪಲ್ಲು, ಕರಡಗಿ, ಎಲ್ಲಾ ಒಂದ ಟ್ರೇದಾಗ.” ಬೆಳ್ಳಿಯ ಕರಡಿಗೆಯೊಳಗಿನ ಇಷ್ಟಲಿಂಗ ಬೇರೆಯವರ ಚಪ್ಪಲಿ ಇಟ್ಟ ತಟ್ಟೆಯಲ್ಲಿ ಕೂರುವುದು ಬಸಲಿಂಗಪ್ಪನವರಿಗೆ ಸರಿ ಕಾಣಲಿಲ್ಲ. ಬೆಂಗಳೂರಿನಲ್ಲಿ ಯಾರಿಗೂ ಹೇಳದೆ ಅದನ್ನು ತೆಗೆದು, ಮಡಿ ವಸ್ತ್ರದಲ್ಲಿ ಸುತ್ತಿ, ಬ್ಯಾಗಿನ ನಡುವೆ ಇಟ್ಟಿದ್ದರು.

“ನನ್ನ ಕೊಳ್ಳಾಗಿಂದು ಯಾರೂ ತಗಸಲಿಲ್ಲ,” ಎಂದಳು ಗುರುಬಸವ್ವ. “ಕೈಯಾಡಿಸಿ ನೋಡಿ ಹೋಗ್ರಿ ಅಂದ್ರು. ಶಟ್ಟೆಪ್ಪನ ಮಾತು ಕೇಳೂದಕ್ಕಿಂತ ನನ್ನ ಒಂದು ಮಾತು ಕೇಳಿದ್ರ ಏನಾಗ್ತಿತ್ತು?”

ಬಸಲಿಂಗಪ್ಪನವರಿಗೆ ಎಂಟನೆಯ ವಯಸ್ಸಿನಲ್ಲಿ ತಾಯಿ ಸ್ವಾಮಿಗಳಿಂದ ಕಟ್ಟಿಸಿದ ಲಿಂಗ ಅದು. ಐವತ್ತಾರು ವರ್ಷ, ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ್ದಾರೆ. ಪೂಜೆಯಾಗದೆ ಒಂದು ದಿನವೂ ಉಂಡಿಲ್ಲ. ಒಬ್ಬರ ಲಿಂಗ ಇನ್ನೊಬ್ಬರು ಹಿಡಿಯುವಂಥದ್ದಲ್ಲ. ಗುರುಬಸವ್ವನ ಕೊರಳಲ್ಲಿ ಇದ್ದರೂ ಗಂಡನಿಗೆ ಉಪಯೋಗವಿಲ್ಲ.

ವಿಮಾನ ಕಂಪನಿಯ ಕೌಂಟರಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಸಾಲು. ಅಲ್ಲಿಯ ಯುವಕ ಬ್ಯಾಗುಗಳ ಚಿತ್ರವಿದ್ದ ಹಾಳೆ ಮುಂದಿಟ್ಟು ನಿಮ್ಮದು ಯಾವ ನಮೂನೆ ಎಂದು ಕೇಳಿದ. ಒಳಗೆ ಅಮೂಲ್ಯವಾದದ್ದು ಏನಾದರೂ ಇದೆಯೇ ಎಂದ. ಮೀನಾ ಹೇಳಿದಳು. ಅವನು ಸ್ವಲ್ಪ ಯೋಚಿಸಿ “ಕಲ್ಲು” ಎಂದು ಬರೆದುಕೊಂಡು ತೂಕ ಕೇಳಿದ. ಅದನ್ನು ಯಾರೂ ಯಾವತ್ತೂ ತೂಗಿರಲಿಲ್ಲ. ಮೀನಾ ಅಪ್ಪನ ಮುಖ ನೋಡಿದಳು.

“ನಲವತ್ತೊಂದೂವರಿ ಗ್ರಾಂ,” ಎಂದರು ಬಸಲಿಂಗಪ್ಪನವರು.

ಅವನು ಬರೆದುಕೊಂಡ. ಇಪ್ಪತ್ತನಾಲ್ಕು ಗಂಟೆಯೊಳಗೆ ಬರುತ್ತದೆ ಎಂದು ಒಂದು ಚಿಕ್ಕ ಚೀಲ ಕೊಟ್ಟ. ಅದರಲ್ಲಿ ಹಲ್ಲುಜ್ಜುವ ಬ್ರಶ್ಶು, ಬಾಚಣಿಗೆ, ಎದೆಯ ಮೇಲೆ ಕಂಪನಿಯ ಗುರುತಿದ್ದ ಬಿಳಿ ಬನಿಯನ್ ಇದ್ದವು. ಬೇರೆ ಬಟ್ಟೆ ಇಲ್ಲದ್ದರಿಂದ ಬಸಲಿಂಗಪ್ಪನವರು ಅದನ್ನೇ ತೊಟ್ಟರು. ಲಿಂಗ ಇರಬೇಕಾದ ಜಾಗದಲ್ಲಿ ನೀಲಿ ಬಣ್ಣದ ಒಂದು ಹಕ್ಕಿ ಇತ್ತು.

ಆ ದಿನ ಮೀನಾ ಕಂಪನಿಗೆ ಹದಿನಾಲ್ಕು ಸಲ ಫೋನ್ ಮಾಡಿದಳು. ಒಂದು ಅಂಕಿ ಒತ್ತು, ಎರಡು ಒತ್ತು, ಆಮೇಲೆ ಸಂಗೀತ. ಒಬ್ಬಳು ಬ್ಯಾಗು ಬೆಂಗಳೂರಿನಿಂದ ಹೊರಟೇ ಇಲ್ಲ ಎಂದಳು. ಇನ್ನೊಬ್ಬ ಅದು ಬಾಲಿಗೆ ಬಂದು ನಿಮ್ಮ ಕೈಗೆ ಮುಟ್ಟಿದೆ ಎಂದ. ಮೊಬೈಲಿನ ಪರದೆಯ ಮೇಲೂ ಹಾಗೆಯೇ ಇತ್ತು: ತಲುಪಿದೆ. ಮೀನಾ ಅದನ್ನು ಓದಿ ಹೇಳಿದಾಗ ಬಸಲಿಂಗಪ್ಪನವರು ತಮ್ಮ ಖಾಲಿ ಅಂಗೈ ನೋಡಿಕೊಂಡರು.

ಅವರು ನೀರನ್ನಷ್ಟೇ ಕುಡಿದರು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಸ್ನಾನ ಮಾಡಿ, ಹೋಟೆಲಿನ ಬಾಲ್ಕನಿಯಲ್ಲಿ ಟವೆಲ್ ಹಾಸಿ ಕೂತರು. ಹೆಂಡತಿಯಿಂದ ವಿಭೂತಿ ಇಸಿದುಕೊಂಡು ಹಚ್ಚಿಕೊಂಡರು. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಏನೂ ಇಲ್ಲದ ಅಂಗೈಯನ್ನೇ ನೋಡುತ್ತ ಕೂತರು. ಕೊನೆಯ ಊಟ ಬೆಂಗಳೂರಿನಲ್ಲಿ, ಹದಿಮೂರರ ಸಂಜೆ ಎಂಟು ಹತ್ತಕ್ಕೆ ಆಗಿತ್ತು. ಎರಡು ದೇಶದ ಗಡಿಯಾರಗಳ ವ್ಯತ್ಯಾಸ ಕಳೆದರೆ ಮೂವತ್ತೊಂದೂವರೆ ಗಂಟೆ ಹಸಿದಿದ್ದರು. ಮೀನಾ ಇದನ್ನು ಲೆಕ್ಕ ಹಾಕಿದ್ದು ಆಮೇಲೆ. ಆ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಆರು ಗಂಟೆ ಹತ್ತು ನಿಮಿಷಕ್ಕೆ ಅಪ್ಪನ ಅಂಗೈ ಕೆಳಗಿಳಿಯಿತು.

ನಡುಗಲಿಲ್ಲ, ಸೋತು ಬೀಳಲೂ ಇಲ್ಲ. ಯಾರೋ ಮೇಲಿನಿಂದ ಏನನ್ನೋ ಜೋಪಾನವಾಗಿ ಇಟ್ಟಂತೆ ಸುಮಾರು ಒಂದು ಸೆಂಟಿಮೀಟರ್ ಇಳಿದು, ತಡೆದು, ನಿಂತಿತು. ಬೆರಳುಗಳು ತಾವಾಗಿ ಸ್ವಲ್ಪ ಮಡಚಿಕೊಂಡವು. ಹೊರಗೆ ಗಾಳಿಯಿರಲಿಲ್ಲ. ಎಲ್ಲೋ ಕೂಗುತ್ತಿದ್ದ ಕೋಳಿ ಸುಮ್ಮನಾಗಿತ್ತು.

“ಬಂತು,” ಎಂದರು ಬಸಲಿಂಗಪ್ಪನವರು.

“ಏನ್ ಬಂತ್ರಿ?” ಗುರುಬಸವ್ವ ಒಳಗಿನಿಂದ ಕೇಳಿದಳು. “ಬ್ಯಾಗ?”

ಬಸಲಿಂಗಪ್ಪನವರು ಆ ಕೈಗೆ ವಿಭೂತಿ ಏರಿಸಿ, ಹೂವಿಟ್ಟು, ಪೂಜೆ ಮುಗಿಸಿದರು. ಆಮೇಲೆ ಬಂದು ಎರಡು ಇಡ್ಲಿಯಷ್ಟು ಅನ್ನ, ಮೊಸರು ಉಂಡರು. ಗುರುಬಸವ್ವ ಹೆಚ್ಚು ಕೇಳಲು ಹೋಗಲಿಲ್ಲ. ಉಂಡರಲ್ಲ, ಅಷ್ಟು ಸಾಕಾಗಿತ್ತು. ಹಸಿವಿನಿಂದ ಸ್ನಾಯು ಸೋತಿರಬೇಕು ಎಂದು ಮೀನಾ ತನಗೆ ತಾನೇ ಹೇಳಿಕೊಂಡಳು. ಆದರೆ ದಿನವಿಡೀ ಅಪ್ಪ ಎಡಗೈಯನ್ನು ಜೋತುಬಿಡದೆ ಎದೆಗೆ ಹತ್ತಿರ ಹಿಡಿದು ನಡೆಯುತ್ತಿದ್ದುದನ್ನು ಅವಳು ಗಮನಿಸಿದಳು. ತುಂಬಿದ ಬಟ್ಟಲು ಹಿಡಿದವರು ಹಾಗೆ ನಡೆಯುತ್ತಾರೆ.

ಬ್ಯಾಗು ಬಂದದ್ದು ಹದಿನೇಳರ ಸಂಜೆ, ಹೊರಡುವ ಮುಂಚಿನ ದಿನ. ಬಸಲಿಂಗಪ್ಪನವರು ಅದನ್ನು ಬಲಗೈಯಿಂದ ಎತ್ತಿದರು. “ಹದಿನೇಳು ಎರಡನೂರು. ನಮ್ದ.” ಒಳಗೆ ಬಟ್ಟೆಗಳ ಮೇಲೊಂದು ಚೀಟಿ ಇತ್ತು: ತಪಾಸಣೆಗಾಗಿ ಈ ಬ್ಯಾಗನ್ನು ತೆರೆಯಲಾಗಿದೆ, ಮೇ 15, ಬೆಳಿಗ್ಗೆ 5.10. ವಿಮಾನ ಬದಲಿಸಿದ ಊರಿನ ಚೀಟಿ ಅದು. ಆ ಊರಿನ ಗಡಿಯಾರ ಬಾಲಿಗಿಂತ ಸರಿಯಾಗಿ ಒಂದು ಗಂಟೆ ಹಿಂದೆ; ಬಾಲಿಯಲ್ಲಿ ಆಗ ಆರು ಹತ್ತು. ಮೀನಾ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡಳು. ಅವ್ವನಿಗೆ ತೋರಿಸಲಿಲ್ಲ.

ವಸ್ತ್ರ ಇದ್ದಲ್ಲೇ ಇತ್ತು. ಕರಡಿಗೆಯ ಮೇಲಿನ ಹಳೆಯ ಗೀರೂ ಇತ್ತು. ಬಸಲಿಂಗಪ್ಪನವರು ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಅವರ ಮುಖ ಬದಲಾಯಿತು.

“ಎಂಬತ್ತಮೂರು,” ಎಂದರು ಗಟ್ಟಿಯಾಗಿ, ಮಾರುಕಟ್ಟೆಯಲ್ಲಿ ಕೂಗಿದಂತೆ. ಆಮೇಲೆ ಸಣ್ಣ ದನಿಯಲ್ಲಿ, “ಕರಡಗಿ ನಂದು. ಒಳಗಿಂದು ನಂದಲ್ಲ.”

“ಕರ್ರಗ, ಗುಂಡಗ, ಹಂಗ ಐತಲ್ರಿ,” ಎಂದಳು ಗುರುಬಸವ್ವ.

“ಕಣ್ಣಿಗೆ ಹಂಗ ಐತಿ.”

ಅವರು ಅದನ್ನು ಧರಿಸಲಿಲ್ಲ. ಊರಿಗೆ ಬಂದ ಮೇಲೆಯೂ ದೇವರ ಕೋಣೆಯ ಗೋಡೆಯ ಮಾಡಿನಲ್ಲಿಟ್ಟು, ದಿನಾ ಖಾಲಿ ಕೈಯಲ್ಲೇ ಪೂಜೆ ಮಾಡಿದರು. ಅದು ತಮ್ಮದಲ್ಲವಾದರೆ ಮಠಕ್ಕೆ ಹೋಗಿ ಹೊಸದನ್ನು ಕಟ್ಟಿಸಿಕೊಳ್ಳಬೇಕು. ತಮ್ಮ ತಾಯಿ ಕಟ್ಟಿಸಿದ್ದು ಯಾವುದೋ ದೇಶದ ಯಾವುದೋ ಮೂಲೆಯಲ್ಲಿ ಉಳಿಯಿತು ಎಂದು ಒಪ್ಪಿಕೊಳ್ಳಬೇಕು. ಆ ಮಾತನ್ನು ಅವರು ನಾಲಗೆಯ ಮೇಲೆ ತರಲಿಲ್ಲ. ಮೂರು ದಿನದಲ್ಲಿ ಮುಖ ಇಳಿದು ಹೋಯಿತು.

“ಅಪ್ಪಾ, ಲ್ಯಾಬಿಗೆ ಬರ್ರಿ, ತೂಗಿ ನೋಡೋಣು,” ಎಂದಳು ಮೀನಾ.

“ಲಿಂಗಾ ಕಾಟಾಕ್ಕ ಹಾಕತಾರೇನ?”

“ನಿಮ್ಮದಲ್ಲ ಅಂದಿರಲ್ಲಾ? ನಿಮ್ಮದಲ್ಲ ಅಂದ್ರ ಹಾಕಬಹುದು. ನಿಮ್ಮದ ಅಂತ ಗೊತ್ತಾದ ಮ್ಯಾಲೆ ಬ್ಯಾಡ.”

ಬಸಲಿಂಗಪ್ಪನವರು ಮಗಳನ್ನು ನೋಡಿ ಆ ವಾರದಲ್ಲಿ ಮೊದಲ ಸಲ ನಕ್ಕರು. “ನಿನ್ನ ಕಾಲೇಜಿಗೆ ಕಳಿಸಿದ್ದು ನಾನ ತಪ್ಪು ಮಾಡೇನಿ.”

ಮೇ 21ರ ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಮೀನಾ ತಕ್ಕಡಿಯ ತಟ್ಟೆಯನ್ನು ಶುದ್ಧ ನೀರಿನಿಂದ ಒರೆಸಿ, ಹೊಸ ವಸ್ತ್ರದ ತುಂಡು ಹಾಸಿ, ಅಂಕಿಯನ್ನು ಸೊನ್ನೆಗೆ ತಂದಳು. ಬಸಲಿಂಗಪ್ಪನವರೇ ಲಿಂಗವನ್ನು ಇಟ್ಟರು. ಅಂಕಿಗಳು ಓಡಿ ನಿಂತವು: 41.503. ತೆಗೆದು ಮತ್ತೆ ಇಟ್ಟರು. 41.503.

“ನಿಮ್ಮದ ಐತ್ರಿ ಅಪ್ಪಾ.”

ಅವರು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಕೇಳಿದರು: “ಹಂಗಾರ ನನ್ನ ಕೈಗೆ ಏನಾಗೇತಿ?”

ಮೀನಾ ಹಿತ್ತಾಳೆಯ ತೂಕದ ಪೆಟ್ಟಿಗೆ ತಂದಳು. ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿದಳು. ಬಲ ಅಂಗೈಯಲ್ಲಿ ಇಪ್ಪತ್ತು ಗ್ರಾಮಿನದು ಇಟ್ಟಳು. “ಇಪ್ಪತ್ತು,” ಎಂದರು. ಅದನ್ನೇ ಎಡಗೈಯಲ್ಲಿ ಇಟ್ಟಳು. “ಅರವತ್ತೊಂದೂವರಿ.” ಬಲಗೈಗೆ ಐವತ್ತು. “ಐವತ್ತು.” ಎಡಗೈಗೆ ಅದೇ. “ತೊಂಬತ್ತೊಂದೂವರಿ.”

ಮೀನಾ ಮನಸ್ಸಿನಲ್ಲೇ ಎರಡೂ ಸಲದ ವ್ಯತ್ಯಾಸ ಕಳೆದು ನೋಡಿದಳು. ಪ್ರಯೋಗ ಅರ್ಧಕ್ಕೆ ಬಿಡುವ ಅಭ್ಯಾಸ ಅವಳಿಗಿಲ್ಲ. ಪೆಟ್ಟಿಗೆಯಲ್ಲಿ ತೂಕಗಳನ್ನು ಸದ್ದಾಗುವಂತೆ ಆಡಿಸಿ, ಬರಿ ಬೆರಳ ತುದಿಯಿಂದ ಎಡ ಅಂಗೈಯನ್ನು ಮುಟ್ಟಿ, ಕೈ ಹಿಂದೆಗೆದಳು. ಅಲ್ಲಿ ಏನೂ ಇರಲಿಲ್ಲ.

“ನಲವತ್ತೊಂದೂವರಿ,” ಎಂದರು. ಕಣ್ಣು ತೆರೆಯದೆಯೇ, “ನೀ ಏನೂ ಇಟ್ಟಿಲ್ಲ. ಹೌದಲ್ಲ?”

“ಇಲ್ರಿ.”

“ಅದು ಹೋಗಿಲ್ಲವ್ವಾ. ಇದು ಬರೂಮಟ ಇರಾಕ ಬಂದಿತ್ತು. ಹಂಗ ಉಳಕೊಂಡೈತಿ.” ಅಂಜಿದವರ ದನಿ ಅದಾಗಿರಲಿಲ್ಲ. ಮನೆಗೆ ಬಂದ ಅತಿಥಿ ಇನ್ನೆರಡು ದಿನ ಇರುತ್ತಾನಂತೆ ಎಂದು ಹೇಳುವ ದನಿ. ಅಲ್ಲೇ ನಿಂತು ಶಿವದಾರ ಕಟ್ಟಿಕೊಂಡು, ಲಿಂಗವನ್ನು ಎದೆಗೆ ಧರಿಸಿ, ಅಂಗಿಯ ಗುಂಡಿ ಹಾಕಿಕೊಂಡರು. ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ಉಂಡರು.

ಜುಲೈಯಲ್ಲಿ ಕಂಪನಿಯ ಪತ್ರ ಬಂತು. ತೊಂದರೆಗೆ ವಿಷಾದಿಸುತ್ತೇವೆ, ಸಾಮಾನು ಹೆಚ್ಚು ಕಡಿಮೆಯಿಲ್ಲದೆ ನಿಮಗೆ ತಲುಪಿದ್ದರಿಂದ ಪ್ರಕರಣ ಮುಗಿದಿದೆ. ಮೀನಾ ಅದನ್ನು ಓದಿ ಹೇಳಿದಾಗ ಬಸಲಿಂಗಪ್ಪನವರು “ಹೆಚ್ಚಿಲ್ಲ ಅಂದಾರ?” ಎಂದು ಕೇಳಿ ಎಡ ಅಂಗೈ ನೋಡಿಕೊಂಡರು.

ಈಗಲೂ ಬೆಳಿಗ್ಗೆ ಅವರು ಪೂಜೆಗೆ ಕೂತಾಗ ಮೀನಾ ಒಮ್ಮೊಮ್ಮೆ ಬಾಗಿಲಲ್ಲಿ ನಿಲ್ಲುತ್ತಾಳೆ. ಕರಡಿಗೆ ತೆರೆಯುವ ಮೊದಲು ಆ ಅಂಗೈ ಒಂದು ಸಲ ಇಳಿಯುತ್ತದೆ. ಲಿಂಗ ಇಟ್ಟ ಮೇಲೆ ಇನ್ನೊಂದು ಸಲ. ಅವಳ ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಮೇ 21ರ ಪುಟಕ್ಕೆ ತಪಾಸಣೆಯ ಚೀಟಿ ಅಂಟಿಸಿದೆ. ಅದರ ಕೆಳಗೆ ತಕ್ಕಡಿ ತೋರಿಸಿದ್ದು 41.503 ಎಂದು ಬರೆದು, ಅದಕ್ಕೂ ಕೆಳಗೆ, ಹೊಡೆದು ಹಾಕದೆ, ಅಪ್ಪ ಬಾಲಿಯ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿದ್ದನ್ನು ಬರೆದಿದ್ದಾಳೆ: ಎಂಬತ್ತಮೂರು.