ಕೇಳದೇ ಬಿಚ್ಚಿದ ರುಮಾಲು

ದೆವ್ವ, ಭೂತ ಅಂದ್ರ ನಾ ನಗತಿದ್ದೆ. ಯಾರರೆ ಅಂಥಾ ಮಾತ ಸುರು ಮಾಡಿದ್ರ, ಪಿತ್ತ ಏರೇತಿ ನಿಮಗ ಅಂತ ಹೇಳಿ ಎದ್ದ ಹೋಗಾಂವ. ಈಗ ನಾನ ಅಂಥಾದ್ದ ಹೇಳಾಕ ಕುಂತೇನಿ. ನಗ್ರಿ, ನನಗೇನೂ ಸಿಟ್ಟಿಲ್ಲ.

ಎಪ್ಪತ್ತರ ದಶಕದಾಗ ನಾ ವಿಜಾಪುರದ ಒಂದ ಕಚೇರ್ಯಾಗ ಕಾರಕೂನ ಇದ್ದೆ. ಕೆಲಸಾ ಇನ್ನೂ ಕಾಯಂ ಆಗಿರಲಿಲ್ಲ. ಅಲ್ಲಿ ರೆಕಾರ್ಡ್ ಖೋಲಿ ಅಂದ್ರ ಬಸಲಿಂಗಪ್ಪನವರ ರಾಜ್ಯ. ಹೊಲದ ಹಳೇ ಕಾಗದೆಲ್ಲಾ ಊರಿಗೊಂದರಂಗ ಕೆಂಪ ರುಮಾಲಿನ್ಯಾಗ ಸುತ್ತಿ, ಮ್ಯಾಲ ತಾವ ಗಂಟ ಹಾಕತಿದ್ರು. ಆ ಗಂಟು ಅವರಿಗಷ್ಟ ಬರತಿತ್ತು. ಅವರನ್ನ ಕೇಳದ ಯಾರರೆ ಬಿಚ್ಚಿದ್ರ ಗಂಟ ನೋಡೇ ಹಿಡೀತಿದ್ರು. ನನ್ನಕಿಂತ ಮೊದಲಿದ್ದಾಂವ ಹಂಗ ಸಿಕ್ಕ ಬಿದ್ದ, ಕೆಲಸಾ ಕಳಕೊಂಡ ಮನಿಗೆ ಹೋಗಿದ್ದ.

ಒಂದಿನ ಅವರು ಕೀಲಿಕೈ ನನಗ ಕೊಟ್ಟು, ಕಸಾ ಹೊಡಸು, ಗಂಟ ಮಾತ್ರ ಮುಟ್ಟಬ್ಯಾಡ ಅಂತ ಹೇಳಿ ತಿಕೋಟಾಕ್ಕ ಹೋದ್ರು. ಅವತ್ತ ಕಾಖಂಡಕಿಯ ಗಂಗವ್ವ ಬಂದಳು, ಗಂಡ ತೀರಿದಾಕಿ. ಮೂರ ಗಂಟೆಕ್ಕ ಸಾಹೇಬರ ಮುಂದ ಆಕಿ ಹೊಲದ ತಕರಾರು. ಹಳೇ ಕಾಗದ ತೋರಸಲಿಲ್ಲಂದ್ರ ಹೊಲ ಮೈದುನನ ಪಾಲು. ನಾಳೆ ಬಾ ಬೇ ಅಂದೆ. ಆಕಿ ಎದ್ದ ಹೋಗಲಿಲ್ಲ, ನನ್ನ ಮೇಜಿನ ಹಂತ್ಯಾಕನ ಕುಂತಳು. ಆಕಿನ್ನ ಹಂಗ ನೋಡಕೋತ ಕುಂದರಾಕ ನನ್ನ ಕಡಿಂದ ಆಗಲಿಲ್ಲ.

ಖೋಲಿ ತಗದು ಕಾಖಂಡಕಿ ರುಮಾಲ ಬಿಚ್ಚಿದೆ. ಕಾಗದ ಸಿಕ್ಕಿತು. ಬಸಲಿಂಗಪ್ಪನವರು ಹೋಗೂಮುಂದ ತಗದ ಕೊಟ್ಟಾರ ಅಂತ ಸುಳ್ಳ ಹೇಳಿ ಸಾಹೇಬರ ಮುಂದ ಇಟ್ಟೆ. ಗಂಗವ್ವನ ಹೊಲ ಉಳೀತು. ಆದ್ರ ಕಾಗದ ವಾಪಸ್ ಇಟ್ಟ ಮ್ಯಾಲ ಗಂಟು ಬರವಲ್ದು. ಎಷ್ಟ ತಿಣಕಿದ್ರೂ ಆಗಲಿಲ್ಲ. ಕಡಿಗೆ ಪಾಯಜಾಮಾದ ಲಾಡಿಗೆ ಹಾಕೂ ಗಂಟ ಹಾಕಿ, ಬಾಗಲಾ ಕೀಲಿ ಹಾಕಿ, ಕೀಲಿಕೈ ಕಿಸೇದಾಗ ಇಟಗೊಂಡೆ. ನಾಳೆ ನನ್ನ ಅನ್ನ ಹೋತು ಅಂದಕೊಂಡೆ.

ಚಾ ಕುಡದು ಬಂದು, ಇನ್ನೊಮ್ಮೆ ಕಟ್ಟಿ ನೋಡೂನು ಅಂತ ಖೋಲಿ ತಗದೆ. ನನ್ನ ಗಂಟ ಅಲ್ಲಿರಲಿಲ್ಲ. ಬಿಗಿಯಾಗಿ, ಒಪ್ಪಾಗಿ ಬ್ಯಾರೆ ಗಂಟ ಬಿದ್ದಿತ್ತು. ಆ ಖೋಲಿಗೆ ಇನ್ನೊಂದ ಬಾಗಲಾ ಇಲ್ಲ, ಇನ್ನೊಂದ ಕೀಲಿಕೈ ಇಲ್ಲ, ಕಿಡಕಿಗೆ ಕಬ್ಬಿಣದ ಸರಳು. ಗಾಳಿ ಸುಳಿವೂ ಇರಲಿಲ್ಲ, ಆದ್ರ ಗಂಟಿನ ತುದಿ ಇನ್ನೂ ಅಳ್ಳಾಡಾಕತ್ತಿತ್ತು. ಹೊರಗ ಬಿಸಲು ಧಗಧಗ, ನನಗ ಥಂಡಿ ಹತ್ತಿತು. ಖರೇ ಹೇಳತೇನಿ, ಅಷ್ಟ ಅಂಜಿಕಿ ನನಗ ಮತ್ತೆಂದೂ ಆಗಿಲ್ಲ. ಹೊರಗ ಹೆಂಗ ಬಂದೆ, ಈಗೂ ನೆನಪಿಲ್ಲ.

ಮರುದಿನ ಬಸಲಿಂಗಪ್ಪನವರು ಖೋಲ್ಯಾಗ ಹೋದಾವ್ರು ಭಾಳ ಹೊತ್ತ ಹೊರಗ ಬರಲಿಲ್ಲ. ಬಂದಾಗ ಮಾರಿ ಬಿಳಚಿತ್ತು. ಕೇಳೂಕಿಂತ ಮೊದಲ ನಾ ಎಲ್ಲಾ ಒಪ್ಪಿದೆ. ಅವರು ಬೈಲಿಲ್ಲ.

"ಬಿಚ್ಚಿದ್ದು ನೀನ, ಖರೆ ತಮ್ಮಾ. ಕಟ್ಟಿದ್ದು ನೀ ಅಲ್ಲ. ಇದು ಎಡಗೈ ಗಂಟು. ಹಿಂಗ ಕಟ್ಟಾಂವ ಒಬ್ಬನ ಇದ್ದ, ನನಗ ಈ ಕೆಲಸಾ ಕಲಿಸಿದಾಂವ. ಅಂವ ತೀರಿ ಹನ್ನೊಂದ ವರ್ಷಾತು."

ನನ್ನ ಕೆಲಸಾ ಉಳೀತು. ಅದನ್ನ ಉಳಸಾಕ ಅಂವ ಕಟ್ಟಿದ್ನೋ, ಮತ್ತ ಬಿಚ್ಚಬ್ಯಾಡ ಅಂತ ಕಟ್ಟಿದ್ನೋ, ಅಥವಾ ಇದೆಲ್ಲಾ ಮತ್ತೇನೋ, ನನಗ ಇವತ್ತಿಗೂ ಗೊತ್ತಿಲ್ಲ. ಅವತ್ತಿಂದ ಬಸಲಿಂಗಪ್ಪನವರೂ ರುಮಾಲ ಬಿಚ್ಚೂಕಿಂತ ಮೊದಲ, ಖಾಲಿ ಖೋಲಿ ಕಡೆ ನೋಡಿ, "ಬಿಚ್ಚಲೇನ್ರಿ?" ಅಂತ ಕೇಳಾಕ ಹತ್ತಿದ್ರು. ಅವರು ಹೋದ ಮ್ಯಾಲ ನಾನೂ ರಿಟೈರ್ ಆಗೂತನಾ ಹಂಗ ಕೇಳಿದೆ. ಒಳಗಿಂದ ಒಮ್ಮೆಯೂ ಯಾರೂ ಹೂಂ ಅನ್ನಲಿಲ್ಲ. ಅಂದಿದ್ರ ಇದನ್ನ ಹೇಳಾಕ ನಾ ಉಳೀತಿದ್ದಿಲ್ಲ.