ಅಕ್ಕನ ಉಸಿರಿನ ದೀಪ

ಮುನ್ಸೂಚನೆ, ಒಳಮನಸ್ಸಿಗೆ ತಿಳಿಯುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ "ನನಗೆ ಮೊದಲೇ ಹೀಗಾಗುತ್ತೆ ಅನ್ನಿಸಿತ್ತು" ಎಂದರೆ, ಅನ್ನಿಸಿಯೂ ಆಗದೇ ಹೋದದ್ದನ್ನೆಲ್ಲ ಇವರು ಮರೆತಿದ್ದಾರೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ. ನಿಮಗೇನಾದರೂ ಹೊಳೆದರೆ ಹೊಳೆಯಲಿ.

ನಾನಿರುವುದು ಶಿವಮೊಗ್ಗದ ವಿದ್ಯಾನಗರದಲ್ಲಿ, ಕೆಲಸ ವಿಮಾ ಕಚೇರಿಯಲ್ಲಿ. ಬಿ.ಎಸ್ಸಿ. ಓದುವಾಗ ಇದ್ದ ಎಲೆಕ್ಟ್ರಾನಿಕ್ಸ್ ಹುಚ್ಚು ನಲವತ್ತು ದಾಟಿದ ಮೇಲೆ ಮತ್ತೆ ತಲೆಯೆತ್ತಿತು. ಬೆಂಕಿಪೊಟ್ಟಣದಷ್ಟೇ ಇರುವ ಮೈಕ್ರೋಕಂಟ್ರೋಲರ್ ಬೋರ್ಡು ತರಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲು ಪ್ರೋಗ್ರಾಂ ಬರೆದು ತುಂಬಿಸಿದರೆ ಅದು ಹೇಳಿದಂತೆ ಕೇಳುತ್ತದೆ. ಕುಂಡದ ಮಣ್ಣು ಒಣಗಿದರೆ ಕೂಗುವ ಡಬ್ಬಿ, ಟ್ಯಾಂಕು ತುಂಬಿದರೆ ತಾನೇ ಮೋಟಾರು ನಿಲ್ಲಿಸುವ ಸಾಧನ, ಹೀಗೆ ಏನೇನೋ ಮಾಡಿದೆ. ಆಗಲೇ ಗೆಳತಿಯ ಒತ್ತಾಯಕ್ಕೆ ಧ್ಯಾನದ ತರಗತಿಗೂ ಸೇರಿದ್ದೆ. ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದರೆ ನನಗೆ ಆಫೀಸಿನ ಫೈಲುಗಳು ಕಾಣುತ್ತಿದ್ದವು. ಬೆಸುಗೆ ಹಾಕುವಾಗ ಮಾತ್ರ ಮನಸ್ಸು ಎಲ್ಲೂ ಓಡುತ್ತಿರಲಿಲ್ಲ. ಹೊಸತೊಂದನ್ನು ಕೈಯಾರೆ ಮಾಡುತ್ತ ಹೊತ್ತು ಮರೆಯುವುದೇ ನನ್ನ ಧ್ಯಾನ ಇರಬೇಕು ಅನ್ನಿಸಿತು. ಉಸಿರಾಡುವ ದೀಪದ ಯೋಚನೆ ಬಂದದ್ದು ಹಾಗೆ. ಪುಟ್ಟ ಎಲ್‌ಇಡಿ ನಿಧಾನವಾಗಿ ಬೆಳಗುತ್ತದೆ, ನಿಧಾನವಾಗಿ ಮಂಕಾಗುತ್ತದೆ. ನೋಡುತ್ತ ಕೂತರೆ ನಮ್ಮ ಉಸಿರೂ ಅದಕ್ಕೆ ಹೊಂದಿಕೊಳ್ಳುತ್ತದೆ.

ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ಅಕ್ಕನಿಗೆ ಆಗ ಶ್ವಾಸಕೋಶದ ಕಾಯಿಲೆ ಹೆಚ್ಚಾಗಿತ್ತು. ಮಂಚದ ಪಕ್ಕ ಆಕ್ಸಿಜನ್ ಯಂತ್ರ, ಅದರಿಂದ ಮೂಗಿಗೆ ಪೈಪು. ಕಾರ್ಖಾನೆಯಿಂದ ನಿವೃತ್ತರಾದ ಭಾವನೇ ಎಲ್ಲ ನೋಡಿಕೊಳ್ಳುತ್ತಿದ್ದರು. ಉಸಿರು ಕಟ್ಟಿದಾಗ ಅಕ್ಕನಿಗೆ ಗಾಬರಿ, ಗಾಬರಿಯಾದಷ್ಟೂ ಉಸಿರು ಇನ್ನೂ ಕಟ್ಟುತ್ತಿತ್ತು. ನನ್ನ ದೀಪ ತೋರಿಸಿದಾಗ ಸ್ವಲ್ಪ ಹೊತ್ತು ನೋಡಿ, "ಇದರ ಉಸಿರು ಬಾಳ ಉದ್ದ ಮಾರಾಯ್ತಿ, ನನ್ನ ಕೈಲಾಗಲ್ಲ. ನನ್ನ ಅಳತೆಗೊಂದು ಮಾಡ್ಕೊಡು" ಎಂದಳು, ರವಿಕೆ ಹೊಲಿಯಲು ಕೊಡುವವಳ ಹಾಗೆ.

ಅವಳು ಆರಾಮಾಗಿದ್ದ ಹೊತ್ತಿನಲ್ಲಿ ಪಕ್ಕ ಕೂತು ಉಸಿರಿನ ಗತಿಯನ್ನು ಮೊಬೈಲಿನಲ್ಲಿ ಅಳೆದುಕೊಂಡೆ. ಅದೇ ಗತಿಯ ಎರಡು ದೀಪ ಮಾಡಿ, ಒಂದನ್ನು ಅವಳ ಮಂಚದ ಬಳಿ, ಇನ್ನೊಂದನ್ನು ನನ್ನ ಮೇಜಿನ ಮೇಲೆ ಇಟ್ಟೆ. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ ದೀಪಗಳಲ್ಲಿ ಸೆನ್ಸರ್ ಇರಲಿಲ್ಲ, ಇಂಟರ್‌ನೆಟ್ಟೂ ಇರಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಯಾವ ಸಂಪರ್ಕವೂ ಇರಲಿಲ್ಲ. ಬರೆದಿಟ್ಟ ಗತಿಯಲ್ಲಿ ಉರಿಯುವುದಷ್ಟೇ ಅವಕ್ಕೆ ಗೊತ್ತಿದ್ದದ್ದು.

ಒಂದು ಭಾನುವಾರ ಮಧ್ಯಾಹ್ನ ನಾನು ಊಟದ ಪಾತ್ರೆ ಎತ್ತಿಡುತ್ತಿದ್ದೆ. ಚಾರ್ಜರ್ ಹುಡುಕುತ್ತಿದ್ದ ನಮ್ಮ ಮನೆಯವರು, "ನಿನ್ನ ದೀಪಕ್ಕೇನಾಗಿದೆ ನೋಡು, ಏದುಸಿರು ಬಿಡೋ ಹಾಗಿದೆ" ಎಂದರು.

ಹೋಗಿ ನೋಡಿದೆ. ಬೆಳಕು ಸರಸರ ಏರುತ್ತಿತ್ತು, ಅರ್ಧದಲ್ಲೇ ಕುಸಿಯುತ್ತಿತ್ತು. ವೋಲ್ಟೇಜ್ ಇಳಿದಿರಬಹುದು ಎಂದರೆ ಫ್ಯಾನು ಎಂದಿನಂತೆ ತಿರುಗುತ್ತಿತ್ತು. ಕೇಬಲ್ ಬದಲಾಯಿಸಿದೆ, ಪವರ್ ಬ್ಯಾಂಕಿಗೆ ಸಿಕ್ಕಿಸಿದೆ. ಅದೇ ಏದುಸಿರು. ಆಮೇಲೆ ಪೂರ್ತಿ ಆರಿತು. ಕೆಟ್ಟೇಹೋಯಿತು ಅಂದುಕೊಳ್ಳುವಷ್ಟರಲ್ಲಿ ಒಮ್ಮೆ ಮಿಣುಕಿ, ಮತ್ತೆ ಆರಿತು.

ಭಾವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದಾಗ ನಿದ್ದೆಗಣ್ಣಿನ ದನಿ ಕೇಳಿಸಿತು.

"ಅವಳು ಊಟ ಮಾಡಿ ಮಲಗಿದಾಳಮ್ಮ. ನಾನೂ ಹಾಲ್‌ನಲ್ಲಿ ಹಂಗೇ ಒರಗಿದ್ದೆ. ಯಾಕೆ?"

"ಒಂದ್ಸಲ ರೂಮಿಗೆ ಹೋಗಿ ನೋಡ್ತೀರಾ ಭಾವ? ಫೋನ್ ಇಡಬೇಡಿ."

ಕಾಲೆಳೆದುಕೊಂಡು ಹೋಗುವ ಸದ್ದು. ಆಮೇಲೆ ಅಕ್ಕನ ಹೆಸರು ಹಿಡಿದು ಕೂಗಿದ್ದು. ಆಮೇಲೆ ಫೋನ್ ಕೆಳಗೆ ಬಿದ್ದ ಶಬ್ದ. ನಾನು ಇಲ್ಲಿ, ಆರಿದ ದೀಪದ ಎದುರು, ಸದ್ದಿಲ್ಲದ ಫೋನನ್ನು ಕಿವಿಗೊತ್ತಿಕೊಂಡು ನಿಂತಿದ್ದೆ. ಹೋಗಿ ಸೇರಲು ಊರು ಬೇರೆ. ರಿಪೇರಿ ಮಾಡೋಣವೆಂದರೆ ಎದುರಿಗಿದ್ದದ್ದು ಬರೀ ಒಂದು ದೀಪ. ಆದರೂ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಆ ದೀಪವನ್ನು ಎರಡೂ ಕೈಯಿಂದ ಮುಚ್ಚಿಕೊಂಡೆ, ಗಾಳಿಗೆ ಆರುವ ಹಣತೆಯನ್ನು ಮುಚ್ಚುವ ಹಾಗೆ. ನಮ್ಮ ಮನೆಯವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

ಮೊದಲು ದೀಪ ಬೆಳಗಿತು. ಮೊದಮೊದಲು ಮಂಕಾಗಿ, ಆಮೇಲೆ ಇನ್ನಷ್ಟು ಹೊಳಪಾಗಿ. ಅದಾದ ಮೇಲೆ ಭಾವನ ದನಿ ಬಂತು. "ಪೈಪು ಯಂತ್ರದಿಂದ ಕಳಚಿಬಿಟ್ಟಿತ್ತಮ್ಮ. ತುಟಿಯೆಲ್ಲ ನೀಲಿಯಾಗಿತ್ತು. ಸಿಕ್ಕಿಸಿದೀನಿ, ಉಸಿರಾಡ್ತಿದಾಳೆ."

ಸಂಜೆಯೊಳಗೆ ಭದ್ರಾವತಿಗೆ ಹೋದೆವು. ಅಕ್ಕನಿಗೆ ಏನೂ ನೆನಪಿರಲಿಲ್ಲ, ಕಾಫಿ ಕೇಳಿದಳು. ಅವಳ ಪಕ್ಕದಲ್ಲಿದ್ದ ದೀಪ ಮಾತ್ರ, ಭಾವ ರೂಮಿಗೆ ಹೋದಾಗಲೂ ಸರಿಯಾಗಿಯೇ ಉರಿಯುತ್ತಿತ್ತಂತೆ. ಎಲ್ಲ ಕೇಳಿ ಅಕ್ಕ ನಕ್ಕಳು. "ನನ್ನ ಉಸಿರು ನಿನ್ನತ್ರ ಐತೆ ಅನ್ನು. ಜೋಪಾನವಾಗಿಟ್ಕೋ."

ಮನೆಗೆ ಬಂದು ನನ್ನ ದೀಪದ ಬೋರ್ಡನ್ನು ಬಿಚ್ಚಿ ನೋಡಿದೆ. ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಬಿಸಿ ಮಾಡಿದೆ, ವೋಲ್ಟೇಜ್ ತಗ್ಗಿಸಿದೆ, ತಂತಿ ಅಲುಗಾಡಿಸಿದೆ. ಆ ಏದುಸಿರು ಮತ್ತೆ ಬರಲೇ ಇಲ್ಲ.

ಅಂದಿನಿಂದ ನಾನು ಆ ದೀಪದ ಕಾವಲುಗಾರ್ತಿಯಾದೆ. ಅದನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ ಆಫೀಸಿಗೂ ಒಯ್ಯುತ್ತಿದ್ದೆ. ಹೊಸತೇನನ್ನೂ ಮಾಡಲಿಲ್ಲ, ಬೆಸುಗೆಯ ಕಡ್ಡಿ ಮುಟ್ಟಲಿಲ್ಲ. ಈ ಕ್ಷಣದಲ್ಲಿ ಬದುಕಿ ಎಂದು ತರಗತಿಯಲ್ಲಿ ಹೇಳುತ್ತಿದ್ದರು. ನಾನು ಹಾಗೆಯೇ ಬದುಕಿದೆ, ಒಂದೊಂದು ಕ್ಷಣವೂ ಹೆದರಿಕೊಂಡು.

ಮಳೆಗಾಲ ಮುಗಿಯುತ್ತ ಬಂದಾಗ ಅಕ್ಕನಿಗೆ ಸಣ್ಣ ಜ್ವರ ಬಂತು. ಮರುದಿನ ಬೆಳಿಗ್ಗೆಯೇ ಹೋಗಿ ನೋಡಿಬರೋಣ ಅಂದುಕೊಂಡಿದ್ದೆ. ಎದ್ದು ನೋಡಿದರೆ ದೀಪ ಶಾಂತವಾಗಿ ಉಸಿರಾಡುತ್ತಿತ್ತು. ಧೈರ್ಯವಾಯಿತು, ಸಂಜೆ ಹೋದರಾಯಿತೆಂದು ಆಫೀಸಿಗೆ ಹೋದೆ. ಅಲ್ಲಿಗೇ ಭಾವನ ಫೋನ್ ಬಂತು.

"ಹೋಗ್ಬಿಟ್ಟಳಮ್ಮ" ಎಂದರು. ಎದುರಿಗೆ ಮೇಜಿನ ಮೇಲೆ ದೀಪ ಬೆಳಗುತ್ತ, ಮಂಕಾಗುತ್ತ, ಮತ್ತೆ ಬೆಳಗುತ್ತ ಇತ್ತು. ಆಮೇಲೆ ಭಾವ ಮೆಲ್ಲಗೆ ಕೇಳಿದರು. "ನಿನ್ನ ದೀಪ ಏನೂ ಹೇಳ್ಲಿಲ್ವಾ?"

"ಇಲ್ಲ ಭಾವ" ಎಂದೆ.

ದೀಪ ಅಂದು ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ. ಆ ಭಾನುವಾರ ಯಾಕೆ ಹೇಳಿತು ಎನ್ನುವುದಕ್ಕೂ ಇಲ್ಲ.